ಇಪ್ಪತ್ತನಾಲ್ಕು ಇಂಚು ತಂತಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ನಾಪೋಕ್ಲು ಸಂತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ, ಸುಳ್ಳಲ್ಲ. ಆದರೆ ಸಿಟ್ಟು ಬಂದಷ್ಟೇ ಬೇಗ ಹೋಗುತ್ತದೆ. ಅನುಮಾನ ಮಾತ್ರ ಬಂದು ಕೂತರೆ ಏಳುವುದಿಲ್ಲ. ಅನುಮಾನಿಸುವುದನ್ನು ನನಗೆ ಕಲಿಸಿದ್ದು ಸೈನ್ಯ. ಯುದ್ಧದ ಕಾಲದಲ್ಲಿ ನಾನು ಸಿಗ್ನಲ್ಸ್‌ನಲ್ಲಿ, ಸಂದೇಶ ಕಳಿಸುವ ದಳದಲ್ಲಿದ್ದೆ, ಹವಾಲ್ದಾರ್ ಪೂವಯ್ಯ. ಲೈನು ಸತ್ತರೆ ಮೊದಲು ಬ್ಯಾಟರಿಯನ್ನು ಅನುಮಾನಿಸು, ಆಮೇಲೆ ಬೆಸುಗೆಯನ್ನು, ಅವೆರಡೂ ಸರಿಯಿದ್ದರೆ ಮನುಷ್ಯನನ್ನು. ಇದನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ಬರ್ಮಾದ ಕಾಡಿನಲ್ಲಿ ಈ ಪಾಠದಿಂದ ನನ್ನ ಜೀವ ಉಳಿಯಿತು. ಊರಿಗೆ ಬಂದ ಮೇಲೆ ಅದು ಏನು ಮಾಡಿತು ಎಂಬುದನ್ನು ಹೇಳುತ್ತೇನೆ, ಕೇಳಿ.

ಐವತ್ತನಾಲ್ಕರ ಮಳೆಗಾಲ ಮುಗಿಯುವ ಹೊತ್ತಿಗೆ ಬಿಟ್ಟಂಗಾಲದ ಕಡೆಯ ಎಸ್ಟೇಟಿನ ದೊರೆಯೊಬ್ಬ ತೋಟ ಮಾರಿ ತನ್ನ ಸೀಮೆಗೆ ಹೊರಟ. ಅವನ ರೇಡಿಯೋವನ್ನು ನಾನು ಐದಾರು ಸಲ ರಿಪೇರಿ ಮಾಡಿಕೊಟ್ಟಿದ್ದೆ. ಹೊರಡುವ ಮುಂಚೆ ತೋಟದ ಲೆಕ್ಕ ಬರೆಯುವ ರೈಟರ ಕೈಲಿ ಒಂದು ಮರದ ಪೆಟ್ಟಿಗೆ ಕಳಿಸಿದ. ತೆರೆದು ನೋಡಿದರೆ ವಿಮಾನ! ಎರಡು ತೋಳು ಚಾಚಿದಷ್ಟು ರೆಕ್ಕೆ, ಹಗುರ ಮರದ ಮೈ, ಮೇಲೆ ತೆಳು ಕಾಗದ, ಮೂಗಿನಲ್ಲಿ ಹೆಬ್ಬೆಟ್ಟಿನಷ್ಟು ಇಂಜಿನ್ನು. ಹೊಟ್ಟೆಯೊಳಗೆ ಒಂದೇ ವಾಲ್ವಿನ ರಿಸೀವರ್. ಜೊತೆಗೆ ಟ್ರಾನ್ಸ್‌ಮಿಟರ್ ಪೆಟ್ಟಿಗೆ, ಅದಕ್ಕೊಂದು ವೈರು, ವೈರಿನ ತುದಿಗೆ ಒಂದು ಗುಂಡಿ. ನೆಲದ ಮೇಲೆ ನಿಂತು ಗುಂಡಿ ಒತ್ತಿದರೆ ಆಕಾಶದಲ್ಲಿರುವ ವಿಮಾನದ ಬಾಲ ಟಕ್ಕೆಂದು ತಿರುಗಬೇಕು. ನಲವತ್ತು ದಾಟಿದ ಗಂಡಸು ನಾನು, ಆ ರಾತ್ರಿ ಮಕ್ಕಳ ಹಾಗೆ ನಿದ್ದೆಗೆಟ್ಟೆ.

ಮನೆಯಲ್ಲಿದ್ದದ್ದು ನಾನು ಮತ್ತು ಅವ್ವ, ಬೊಳ್ಳಮ್ಮ. ನಾನು ಮದುವೆಯಾಗಿಲ್ಲ, ಆ ಮಾತೆತ್ತಿದರೆ ಉರಿದು ಬೀಳುತ್ತಿದ್ದೆ, ಆಮೇಲೆ ಯಾರೂ ಎತ್ತಲಿಲ್ಲ. ತಂಗಿ ಯಮುನಳನ್ನು ನಮ್ಮ ಗದ್ದೆಯ ಆಚೆಯ ಮನೆಗೇ ಕೊಟ್ಟಿದ್ದೆವು, ನಾಣಯ್ಯನಿಗೆ. ನಮ್ಮ ಜಗಲಿಯಲ್ಲಿ ನಿಂತು ಕೂಗಿದರೆ ಅವರ ಜಗಲಿಗೆ ಕೇಳಿಸುತ್ತದೆ. ಮದುವೆಯಾಗಿ ಆರು ವರ್ಷಕ್ಕೆ ಯಮುನ ಬಸುರಿಯಾಗಿದ್ದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಶಿವರಾತ್ರಿ ಕಳೆದ ಮೇಲೆ ಕರೆತರುವುದೆಂದು ಮಾತಾಗಿತ್ತು. ಅವ್ವ ಸುಗ್ಗಿಯ ಪುತ್ತರಿ ಹಬ್ಬಕ್ಕೆ ಮುಂಚೆಯೇ ಒಳಮನೆ ಗುಡಿಸಿ, ಸಾರಿಸಿ, ಹಳೆ ಸೀರೆಗಳನ್ನು ಒಗೆದು ಮೆತ್ತಗೆ ಮಡಿಸಿಟ್ಟಿದ್ದಳು. ಬಾಣಂತಿಗೆಂದು ಕರಿಮೆಣಸು, ಬೆಲ್ಲ, ತುಪ್ಪದ ಭರಣಿ ಎಲ್ಲ ಬಂದು ಕೂತಿದ್ದವು. ಆರು ವರ್ಷ ಆ ಮುದುಕಿ ಕಾದದ್ದು ಅದೊಂದಕ್ಕೇ.

ನಾಣಯ್ಯ ಸಾಧು ಮನುಷ್ಯ. ಎಲೆ ಅಡಿಕೆ, ಗದ್ದೆ, ಹೆಂಡತಿ, ಇಷ್ಟೇ ಅವನ ಲೋಕ. ನಾವಿಬ್ಬರೂ ಒಬ್ಬರಿಗೊಬ್ಬರು ‘ಬಾವ’ ಅಂದುಕೊಂಡು, ಬಹುವಚನದಲ್ಲೇ ಮಾತಾಡಿಕೊಂಡು ಇದ್ದವರು. ವಿಮಾನ ಬಂದ ದಿನದಿಂದ ಅವನು ನನ್ನ ಬಲಗೈ ಆದ. ವಿಮಾನವನ್ನು ಎತ್ತಿ ಹಿಡಿಯುವುದು, ಗಾಳಿಗೆ ತೂರಿ ಬಿಡುವುದು, ಬಿದ್ದಲ್ಲಿಂದ ಹುಡುಕಿ ತರುವುದು, ಎಲ್ಲ ಅವನದೇ.

ಈಗ ತಂತಿಯ ವಿಷಯ ಹೇಳಿಬಿಡಬೇಕು. ರಿಸೀವರಿನಿಂದ ಒಂದು ಏರಿಯಲ್ ತಂತಿ ಹೊರಟು ಬಾಲದ ತುದಿಯಿಂದ ಹೊರಗೆ ತೂಗುತ್ತದೆ. ದೊರೆಯ ಪುಸ್ತಕದ ಪ್ರಕಾರ ಅದು ಇಪ್ಪತ್ತನಾಲ್ಕು ಇಂಚು. ತಂತಿಯ ಉದ್ದ ಬದಲಾದರೆ ಟ್ಯೂನೂ ಬದಲಾಗುತ್ತದೆ. ತಂತಿ ಎಷ್ಟಿದೆಯೋ ಅದಕ್ಕೆ ಸರಿಯಾಗಿ ರಿಸೀವರಿನ ಸುರುಳಿಯೊಳಗಿನ ತಿರುಪನ್ನು ತಿರುಗಿಸಿ ಕೂರಿಸಬೇಕು. ಕೂತಿತೋ ಇಲ್ಲವೋ ಎಂದು ಹೇಳುವುದು ಒಂದು ಪುಟ್ಟ ಮೀಟರು. ಸಿಗ್ನಲ್ ಸಿಕ್ಕಿದರೆ ಅದರ ಮುಳ್ಳು ಬೀಳುತ್ತದೆ, ಸಿಗದಿದ್ದರೆ ನೆಟ್ಟಗೆ ನಿಂತಿರುತ್ತದೆ. ತಿರುಪನ್ನು ಕಬ್ಬಿಣದಿಂದ ಮುಟ್ಟಿದರೆ ಟ್ಯೂನ್ ಕೆಡುತ್ತದೆ, ಕೈಯನ್ನು ತೀರಾ ಹತ್ತಿರ ತಂದರೂ ಕೆಡುತ್ತದೆ. ಅದಕ್ಕೆಂದೇ ನಾನು ಒಂದು ಗೇಣುದ್ದದ ಬಿದಿರು ಕಡ್ಡಿಯನ್ನು ಚಪ್ಪಟೆಗೆ ಸೀಳಿಟ್ಟುಕೊಂಡಿದ್ದೆ. ಅಷ್ಟು ಜಾಗರೂಕತೆ ನನ್ನದು.

ಕೊಯ್ಲಾಗಿ ಒಣಗಿದ ಗದ್ದೆಯಲ್ಲಿ ಕೆಲಸ ಶುರುವಾಯಿತು. ಟ್ರಾನ್ಸ್‌ಮಿಟರ್ ಪೆಟ್ಟಿಗೆಯನ್ನು ಮನೆಯ ಹತ್ತಿರದ ಏರಿಯ ಮೇಲಿಟ್ಟು ಪಕ್ಕದಲ್ಲಿ ಅವ್ವನನ್ನು ಮಣೆ ಹಾಕಿ ಕೂರಿಸಿದೆ. ನಾನು ದೂರದಿಂದ ಟವೆಲ್ ಬೀಸಿದರೆ ಅವಳು ಗುಂಡಿ ಒತ್ತಬೇಕು.

“ಒತ್ತಿದ್ರೆ ಎಂತಾಕು? ಸಿಡಿದು ಗಿಡಿದು ಹೋದೀತಾ?” ಅವ್ವ ಗುಂಡಿಯನ್ನು ಚೇಳಿನ ಹಾಗೆ ನೋಡಿದಳು.

“ಎಂತದೂ ಆಗ್ಲಿಕ್ಕಿಲ್ಲೆ, ಒತ್ತವ್ವಾ!”

“ನಿನ್ನ ಸೀಮೆ ಆಟಕ್ಕೆ ನನ್ನ ಬೆರಳು!” ಎಂದು ಬೈಯುತ್ತಲೇ ಒತ್ತಿದಳು.

ಮುನ್ನೂರು ಹೆಜ್ಜೆ ಆಚೆ ನಾಣಯ್ಯ ವಿಮಾನವನ್ನು ಹೆಗಲ ಮಟ್ಟಕ್ಕೆ ಎತ್ತಿ ಹಿಡಿದು ನಿಲ್ಲುತ್ತಿದ್ದ. ನಾನು ಅವನ ಪಕ್ಕದಲ್ಲಿ ನಿಂತು ಮೀಟರಿನ ಮುಳ್ಳಿನ ಮೇಲೆ ಕಣ್ಣಿಟ್ಟು ಬಿದಿರು ಕಡ್ಡಿ ತಿರುಗಿಸುತ್ತಿದ್ದೆ. ಮೊದಲ ದಿನವೇ ಅವನು ವಿಮಾನ ಕೆಳಗಿಳಿಸುವಾಗ ತಂತಿ ಜೋತು, ಇನ್ನೂ ಆರದ ಒಂದು ಮೂಲೆಯ ಕೆಸರಿಗೆ ತಾಗಿತು. ನಾನು ಕೆಂಡವಾದೆ. “ಬಾವ, ಇನ್ನೊಂದ್ಸಲ ಆ ತಂತಿ ಕೆಸರಿಗೆ ತಾಗಿದ್ರೆ ನಿಮ್ಮ ಚರ್ಮ ಸುಲಿದುಬಿಡ್ತೇನೆ!” ಅಂದೆ. ನಾಣಯ್ಯ ನಕ್ಕು, “ಆಯ್ತು ಬಾವ” ಅಂದ. ನನಗೆ ಆ ಮಾತು ಅಲ್ಲಿಗೆ ಮರೆತೂ ಹೋಯಿತು. ಸಿಟ್ಟಿನಲ್ಲಿ ಆಡಿದ್ದನ್ನೆಲ್ಲ ನೆನಪಿಟ್ಟುಕೊಂಡರೆ ನಾನು ಬೇರೇನೂ ನೆನಪಿಟ್ಟುಕೊಳ್ಳಲಾರೆ.

ಟ್ಯೂನ್ ಚೆನ್ನಾಗಿ ಕೂತಿತು. ಅವ್ವ ಒತ್ತಿದಾಗೆಲ್ಲ ಮುಳ್ಳು ಬಿತ್ತು, ಬಾಲ ಟಕ್ ಟಕ್ ಎಂದಿತು. ಇಂಜಿನ್ನು ಹಚ್ಚಿದೆ, ಅದರ ಎಣ್ಣೆಯಲ್ಲಿದ್ದ ಈಥರಿಗೆ ಗದ್ದೆಯೆಲ್ಲ ಆಸ್ಪತ್ರೆಯ ವಾಸನೆ. ಗುಂಡಿ ನನ್ನ ಕೈಗೆ ಬಂತು. ನಾಣಯ್ಯ ನಾಲ್ಕು ಹೆಜ್ಜೆ ಓಡಿ ತೂರಿದ. ಆಹಾ, ಏರಿತು ನೋಡಿ! ಎದೆ ತುಂಬಿ ಬಂತು. ಗುಂಡಿ ಒತ್ತಿದೆ. ಬಾಲ ಅಲ್ಲಾಡಲಿಲ್ಲ. ಮತ್ತೆ ಒತ್ತಿದೆ, ಒತ್ತಿ ಹಿಡಿದೆ, ಬೈದೆ. ವಿಮಾನ ತನ್ನ ಪಾಡಿಗೆ ತಾನು ನೆಟ್ಟಗೆ ಹೋಗಿ, ಎಣ್ಣೆ ಮುಗಿದು, ಪಕ್ಕದವರ ಕಾಫಿ ತೋಟದಲ್ಲಿ ಇಳಿಯಿತು.

ನಾಣಯ್ಯ ಓಡಿ ಹೋಗಿ ಎತ್ತಿಕೊಂಡು ಬಂದ. ಅವನು ತರುತ್ತಿರುವಾಗಲೇ, ಇನ್ನೂ ಇನ್ನೂರು ಹೆಜ್ಜೆ ದೂರವಿರುವಾಗಲೇ, ಸುಮ್ಮನೆ ಗುಂಡಿ ಒತ್ತಿದೆ. “ತಿರುಗ್ತು ಬಾವ!” ಎಂದು ಅವನು ಕೂಗಿದ. ಮತ್ತೆ ಒತ್ತಿದೆ. “ಮತ್ತೂ ತಿರುಗ್ತು!”

ಎರಡನೆಯ ಸಲ ಹಾರಿಸಿದಾಗಲೂ ಇದೇ ಕತೆ. ಅವನ ಕೈಯಲ್ಲಿದ್ದರೆ ಹೇಳಿದ ಹಾಗೆ ಕೇಳುತ್ತದೆ, ಕೈ ಬಿಟ್ಟ ಕೂಡಲೇ ಕಿವುಡು. ಬ್ಯಾಟರಿ ಬದಲಾಯಿಸಿದೆ. ಬೆಸುಗೆಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಹಾಕಿದೆ. ತಂತಿಯನ್ನು ಇಪ್ಪತ್ತಾರು ಇಂಚು ಮಾಡಿ ಟ್ಯೂನ್ ಕೂರಿಸಿ ಮುಳ್ಳು ನೋಡಿದೆ, ಇಪ್ಪತ್ತೆರಡಕ್ಕಿಳಿಸಿ ನೋಡಿದೆ, ಹದಿನೆಂಟಕ್ಕಿಳಿಸಿ ನೋಡಿದೆ. ಯಾವ ಉದ್ದಕ್ಕೆ ಯಾವ ತಿರುವು ಎಂದು ಚೀಟಿಯಲ್ಲಿ ಬರೆದೆ. ಎಲ್ಲ ಉದ್ದಕ್ಕೂ ಟ್ಯೂನ್ ಸಿಕ್ಕಿತು, ಎಲ್ಲ ಉದ್ದಕ್ಕೂ ಅವನ ಕೈಯಲ್ಲಿ ಕೆಲಸ ಮಾಡಿತು. ಕೊನೆಗೆ ಪುಸ್ತಕದ ಇಪ್ಪತ್ತನಾಲ್ಕಕ್ಕೇ ಹೊಸ ತಂತಿ ಹಾಕಿದೆ. ಜನವರಿ ಇಪ್ಪತ್ತೈದರ ಸಂಜೆ ನಾನೂರು ಹೆಜ್ಜೆಗೆ ಒಂದೂ ತಪ್ಪದೆ ಬಾಲ ತಿರುಗಿತು. ಹಾರಿಸಿ ನೋಡಲು ಧೈರ್ಯವಾಗಲಿಲ್ಲ, ಮುರಿದರೆ ಮರುದಿನಕ್ಕೆ ಏನು ಗತಿ?

ಮರುದಿನ ಏನು ಅಂದರೆ, ನನ್ನ ಬಾಯಿ ಸುಮ್ಮನಿರುವುದಿಲ್ಲವಲ್ಲ, ಗಣರಾಜ್ಯ ದಿನ ನಾಪೋಕ್ಲಿನ ಮೈದಾನದಲ್ಲಿ ವಿಮಾನ ಹಾರಿಸಿ ಧ್ವಜದ ಸುತ್ತ ಮೂರು ಸುತ್ತು ಹಾಕಿಸುತ್ತೇನೆಂದು ಕಂಡಕಂಡವರಿಗೆಲ್ಲ ಹೇಳಿಬಿಟ್ಟಿದ್ದೆ. ಅಂಗಡಿಯವರು, ಬಸ್ಸಿನವರು, ಮೇಷ್ಟರುಗಳು, ಎಲ್ಲ ಸೇರಿದ್ದರು. ಯಮುನ ಕೂಡ ಹೊಟ್ಟೆ ಹೊತ್ತುಕೊಂಡು ಎತ್ತಿನ ಗಾಡಿಯಲ್ಲಿ ಬಂದಿದ್ದಳು. ನಾಣಯ್ಯ ತೂರಿದ. ವಿಮಾನ ಧ್ವಜದ ಕಡೆ ತಿರುಗಿಯೂ ನೋಡದೆ, ಜನರ ತಲೆಯ ಮೇಲೆ ಹಾದು, ಹೊಳೆಯ ದಿಕ್ಕಿಗೆ ಹೋಗಿ ಬಿದಿರು ಮೆಳೆಯಲ್ಲಿ ಬಿತ್ತು.

“ಹವಾಲ್ದಾರ್ರೇ, ಅದು ಕಣ್ಣಾನೂರಿಗೆ ಟಿಕೆಟ್ ತಗೊಂಡಿತ್ತಾ ಹೇಗೆ?” ಎಂದು ಯಾರೋ ಕೂಗಿದರು. ಮೈದಾನ ಹೋ ಎಂದಿತು. ನಾಣಯ್ಯನೂ ನಕ್ಕ. ಎಲ್ಲರ ಜೊತೆ ನಗು ಬಂದಿರಬೇಕು ಅಷ್ಟೇ. ನಾನು ಮಾತ್ರ ಅದನ್ನು ನೋಡಿಬಿಟ್ಟೆ.

ಆ ಸಂಜೆ ಲಾಟೀನು ಹತ್ತಿರವಿಟ್ಟು ವಿಮಾನವನ್ನು ಇಂಚು ಇಂಚಾಗಿ ನೋಡಿದೆ. ಬ್ಯಾಟರಿ ಸರಿ. ಬೆಸುಗೆ ಸರಿ. ತಂತಿ ಅಳೆದೆ, ಸರಿಯಾಗಿ ಇಪ್ಪತ್ತನಾಲ್ಕು. ಆದರೆ ತಂತಿಯ ತುದಿಯಲ್ಲಿ ಬಿಳಿ ಕಲೆ ಇತ್ತು. ಉಗುರಿನಿಂದ ಕೆರೆದೆ. ಸುಣ್ಣ. ಎಲೆ ಅಡಿಕೆ ಹಾಕುವವನ ಬೆರಳಿನ ಸುಣ್ಣ. ನನ್ನ ಮನೆಯಲ್ಲಿ ಎಲೆ ಹಾಕುವವರಿಲ್ಲ, ಅವ್ವ ಹಲ್ಲು ಹೋದ ಮೇಲೆ ಬಿಟ್ಟಿದ್ದಳು. ಮೈಯಲ್ಲಿ ರಕ್ತ ಸರ್ರನೆ ಏರಿತು. ಬ್ಯಾಟರಿ ಆಯಿತು, ಬೆಸುಗೆ ಆಯಿತು, ಇನ್ನು ಉಳಿದವನು ಮನುಷ್ಯ. ತೂರುವ ಗಳಿಗೆಯಲ್ಲಿ ತಂತಿಗೆ ಏನೋ ಮಾಡುತ್ತಾನೆ. ಎಳೆಯುತ್ತಾನೋ, ತಿರುಚುತ್ತಾನೋ. ಹಿಡಿದು ತರುವಾಗ ಮತ್ತೆ ಸರಿ ಮಾಡಿಬಿಡುತ್ತಾನೆ. ಅದಕ್ಕೇ ಅವನ ಕೈಯಲ್ಲಿ ಕೆಲಸ ಮಾಡುವುದು!

ಯಾಕೆ ಮಾಡುತ್ತಾನೆ ಎನ್ನುವುದಕ್ಕೂ ಕಾರಣ ಹುಡುಕಿದೆ. ಹುಡುಕಿದರೆ ಸಿಗದೇ ಇರುತ್ತದೆಯೇ? ನಾನು ಸಮುದ್ರ ದಾಟಿ ಬಂದವನು, ಅವನು ಮಡಿಕೇರಿ ದಾಟದವನು. ಹೊಟ್ಟೆಕಿಚ್ಚು. ಮದುವೆಯ ಹೊತ್ತಿಗೆ ನಾನೇನೋ ಅಂದಿದ್ದೆನಂತೆ, ಅದರ ಸೇಡು. ಯಮುನ ಏಳು ತಿಂಗಳಿನಿಂದ ನನ್ನನ್ನು ಸರಿಯಾಗಿ ಮಾತಾಡಿಸಿಲ್ಲ, ಅವನೇ ಹೇಳಿಕೊಟ್ಟಿರಬೇಕು. ಬಸುರಿಗೆ ವಾಂತಿಯಾಗುತ್ತಿತ್ತು, ಮಾತಾಡಲು ಪುರುಸೊತ್ತಿರಲಿಲ್ಲ ಎಂಬುದು ಅವತ್ತು ನನ್ನ ತಲೆಗೆ ಹೋಗಲಿಲ್ಲ.

ಬೆಳಗಾದದ್ದೇ ಗದ್ದೆ ದಾಟಿ ಅವನ ಅಂಗಳಕ್ಕೆ ಹೋದೆ. “ನಾಣಯ್ಯ, ತಂತಿ ಮುಟ್ಟಿದ್ದೀಯಾ ಇಲ್ವಾ?”

ತಂಗಿಯ ಗಂಡನಿಗೆ ಏಕವಚನ ಆಡಬಾರದು. ಆಡಿದೆ. ಅವನ ಮುಖ ಬಿಳಿಚಿತು. “ನಾನು ಅದಕ್ಕೆ ಎಂತದೂ ಮಾಡ್ಲೆ, ಬಾವ.”

“ಸುಣ್ಣ ಹೇಗೆ ಬಂತು?”

“ಮುಟ್ಟಿದ್ದುಂಟು. ನೀವೇ ಅಲ್ವಾ…”

“ಮುಟ್ಟಿದ್ದುಂಟು!” ನಾನು ಕೂಗಿದೆ. ಅವನ ಮುಂದಿನ ಮಾತು ನನ್ನ ಕೂಗಿನಲ್ಲಿ ಮುಚ್ಚಿಹೋಯಿತು. “ಈಗ ಬಾಯಿ ಬಿಟ್ಟೆಯಲ್ಲ! ಕೆಡಿಸಿಲ್ಲ ಅನ್ನೋದಾದ್ರೆ ಭಗವತಿಯ ನಡೆಗೆ ಬಾ. ಗುಡಿಯ ದೀಪ ಮುಟ್ಟಿ ಆಣೆ ಇಡು.”

ಇದು ಎಷ್ಟು ದೊಡ್ಡ ಮಾತು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಒಬ್ಬನಿಂದ ಇನ್ನೊಬ್ಬ ದೇವರ ಮುಂದೆ ಆಣೆ ಇಡಿಸಿದರೆ ಅಂದಿನಿಂದ ಆ ಎರಡು ಮನೆಗಳ ನಡುವೆ ನೀರು ನಿಲ್ಲುತ್ತದೆ. ಇವರ ಮನೆಯ ನೀರು ಅವರಿಗಿಲ್ಲ, ಅವರ ಒಲೆಯ ಅನ್ನ ಇವರಿಗಿಲ್ಲ. ಇಬ್ಬರೂ ಒಟ್ಟಿಗೆ ಹೋಗಿ ದೇವರ ಮುಂದೆ ಬಿಡಿಸಿಕೊಳ್ಳುವ ತನಕ ಹಾಗೇ. ಸುಳ್ಳು ಆಣೆ ಇಟ್ಟವನಿಗೆ ಆಗುವ ಕೇಡು ಅವನ ಮಕ್ಕಳ ಮೇಲೆ ಬರುತ್ತದೆಂದು ನಂಬಿಕೆ.

ನಾಣಯ್ಯ ಜಗಲಿಯ ಕಡೆ ನೋಡಿದ. ಯಮುನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. “ಬಾವ, ಇವ್ಳು ತುಂಬು ಬಸುರಿ. ಆಣೆ ಇಟ್ರೆ ನಿಮ್ಮ ಮನೆ ನೀರು ಇವ್ಳಿಗಿಲ್ಲೆ. ಹೆರಿಗೆಗೆ ಎಲ್ಲಿಗೆ ಹೋಗ್ಬೇಕು? ಇದೊಂದು ಕಳೀಲಿ. ಆಮೇಲೆ ನೀವು ಹೇಳಿದ ದೇವರ ಮುಂದೆ ನಿಲ್ತೇನೆ.”

ಎಷ್ಟು ನ್ಯಾಯದ ಮಾತು! ನನಗೆ ಅದು ಜಾರಿಕೊಳ್ಳುವ ಮಾತಿನ ಹಾಗೆ ಕೇಳಿಸಿತು. “ತಪ್ಪಿಲ್ಲದವನಿಗೆ ಹೆದರಿಕೆ ಎಂತದು?” ಅಂದೆ. ಅವನು ಮುಂಡು ಬಿಗಿದು ನನ್ನ ಹಿಂದೆ ಬಂದ.

ಭಗವತಿಯ ನಡೆಯಲ್ಲಿ ಇಂಥದ್ದನ್ನೆಲ್ಲ ನಡೆಸಿಕೊಡುವವರು ತಕ್ಕರು, ಊರಿಗೆ ಹಿರಿಯರು. ನಮ್ಮ ಅಪ್ಪನ ಸ್ನೇಹಿತರು ಕೂಡ. ಎಷ್ಟೋ ಹೇಳಿದರು, ಒಂದು ಆಟದ ಸಾಮಾನಿಗೆ ಆಣೆ ಇಡಿಸ್ತಾರಾ ಪೂವಯ್ಯ ಎಂದು ಗದರಿದರು ಕೂಡ. ನಾನು ಜಗ್ಗಲಿಲ್ಲ. ಕೊನೆಗೆ ಅವರು ನಾಣಯ್ಯನಿಗೆ ಮಾತು ಹೇಳಿಕೊಟ್ಟರು: “ಪೂವಯ್ಯನ ವಿಮಾನಕ್ಕೆ ನಾನು ದ್ರೋಹ ಬಗೆದಿಲ್ಲ ಅಂತ ಹೇಳಿ ದೀಪ ಮುಟ್ಟು.”

“ಅದು ಸಾಲದು,” ನಾನು ಅಡ್ಡ ಬಂದೆ. ಸಿಗ್ನಲ್ಸ್‌ನವನು ನಾನು, ಸಂದೇಶದಲ್ಲಿ ಸಂದು ಉಳಿಯಬಾರದು. ದ್ರೋಹ ಅಲ್ಲ, ತಮಾಷೆಗೆ ಮಾಡಿದೆ ಅಂದುಬಿಟ್ಟರೆ? ನೆನಪಿಲ್ಲ ಅಂದುಬಿಟ್ಟರೆ? “ಪೂವಯ್ಯನ ವಿಮಾನ ತಿಳಿದೋ ತಿಳಿಯದೆಯೋ ನನ್ನ ಕೈಯಿಂದ ಕೆಟ್ಟಿಲ್ಲ. ಹಾಗೆ ಹೇಳಲಿ.”

ನಾಣಯ್ಯ ಸ್ನಾನ ಮಾಡಿ ಒದ್ದೆ ಮುಂಡಿನಲ್ಲೇ ನಿಂತು, ಒಂದಕ್ಷರ ಬಿಡದೆ ನಾನು ಹೇಳಿದ ಹಾಗೆಯೇ ಹೇಳಿ, ದೀಪ ಮುಟ್ಟಿದ. ಧ್ವನಿ ನಡುಗಲಿಲ್ಲ. ನನಗೆ ಸಮಾಧಾನವಾಯಿತೇ? ಇಲ್ಲ. ಎಂಥ ಗಟ್ಟಿ ಕಳ್ಳ, ದೇವರಿಗೂ ಹೆದರಲಿಲ್ಲವಲ್ಲ ಅಂದುಕೊಂಡು ಮನೆಗೆ ಬಂದೆ.

ಅವ್ವ ನನ್ನ ಎದುರಿಗೆ ತಟ್ಟೆ ಇಡುವುದನ್ನು ನಿಲ್ಲಿಸಿದಳು. ಅನ್ನ ಮಾಡಿ ಮುಚ್ಚಿಟ್ಟು ಒಳಮನೆಗೆ ಹೋಗಿ ಕೂರುತ್ತಿದ್ದಳು, ಆ ಮಡಿಸಿಟ್ಟ ಸೀರೆಗಳ ಹತ್ತಿರ. ಒಂದು ದಿನ ಮಾತ್ರ ಮಾತಾಡಿದಳು. “ನಾನು ಹೆತ್ತದ್ದು ಇಬ್ಬರನ್ನ. ಒಬ್ಬನ ಮನೇಲಿ ಉಣ್ತೇನೆ, ಅದಕ್ಕೆ ಇನ್ನೊಬ್ಬಳ ಮನೇಲಿ ನೀರು ಮುಟ್ಟೋ ಹಾಗಿಲ್ಲೆ. ನಿನ್ನ ತಂತಿಗೆ ಬೆಂಕಿ ಬೀಳ.” ನಾನು ತಿರುಗಿ ಹೇಳಲು ಬಾಯಿ ತೆರೆದೆ. ಅವಳು ಅಳುತ್ತಿದ್ದಳು. ಅವ್ವ ಅತ್ತದ್ದನ್ನು ನಾನು ಅಪ್ಪ ಸತ್ತಾಗ ನೋಡಿದ್ದು, ಆಮೇಲೆ ಅವತ್ತೇ.

ಶಿವರಾತ್ರಿ ಬಂತು, ಹೋಯ್ತು. ಯಮುನ ಬರಲಿಲ್ಲ.

ಶಿವರಾತ್ರಿ ಕಳೆದು ನಾಲ್ಕನೆಯ ದಿನ ಮನೆಯಲ್ಲಿ ಕೂರಲಾಗದೆ ವಿಮಾನ ಎತ್ತಿಕೊಂಡು ಗದ್ದೆಗಿಳಿದೆ. ಹಿಡಿಯುವವನಿಲ್ಲ, ಒತ್ತುವವಳಿಲ್ಲ. ಪೇರಳೆ ಮರದ ಎರಡು ಕವೆ ಕಡಿದು ನೆಟ್ಟು, ವಿಮಾನವನ್ನು ಅದರ ಮೇಲೆ ಕೂರಿಸಿದೆ. ಗುಂಡಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದೆ, ಒತ್ತಿದ ಹಾಗೇ ಇರಲೆಂದು. ಮುನ್ನೂರು ಹೆಜ್ಜೆ ನಡೆದು ಹೋಗಿ ಮೀಟರು ನೋಡಿದರೆ ಮುಳ್ಳು ನೆಟ್ಟಗೆ ನಿಂತಿತ್ತು. ಸಿಗ್ನಲ್ಲೇ ಇಲ್ಲ. ನಾಪೋಕ್ಲಿನಿಂದ ತಂದ ಮೇಲೆ ತಿರುಪನ್ನು ಯಾರೂ ಮುಟ್ಟಿರಲಿಲ್ಲ, ತಂತಿ ಇಪ್ಪತ್ತನಾಲ್ಕೇ ಇತ್ತು. ನಾಣಯ್ಯ ನಮ್ಮ ಅಂಗಳಕ್ಕೆ ಕಾಲಿಟ್ಟು ತಿಂಗಳಾಗಿತ್ತು.

ಬಿದಿರು ಕಡ್ಡಿ ತೂರಿಸಿ ತಿರುಪು ತಿರುಗಿಸಿದೆ. ಒಂದು ಸುತ್ತು. ಒಂದೂವರೆ. ಮುಳ್ಳು ದಡಕ್ಕನೆ ಬಿತ್ತು. ಸಿಕ್ಕಿತು! ಆಗ ನೋಡಿದರೆ ಬಾಲದಿಂದ ತೂಗುತ್ತಿದ್ದ ತಂತಿಯ ತುದಿಯಲ್ಲಿ ಒಂದು ಚಿಗಳಿ ಇರುವೆ. ತೆಗೆಯೋಣವೆಂದು ಎರಡು ಬೆರಳಿನಲ್ಲಿ ತಂತಿಯ ತುದಿ ಹಿಡಿದೆ. ಮುಳ್ಳು ಮೇಲೆದ್ದು ನಿಂತಿತು. ಕೈ ಬಿಟ್ಟೆ, ಬಿತ್ತು. ಹಿಡಿದೆ, ಎದ್ದಿತು. ತಿರುಪನ್ನು ಹಿಂದಿನ ಜಾಗಕ್ಕೇ ತಂದು ತಂತಿ ಹಿಡಿದು ನಿಂತೆ. ಈಗ ಮುಳ್ಳು ಬಿದ್ದಿತ್ತು, ಬಾಲ ತಿರುಗಿತು. ಕೈ ಬಿಟ್ಟೆ. ಕಿವುಡು.

ಅಯ್ಯೋ ದೇವರೇ.

ತಂತಿ ಇಪ್ಪತ್ತನಾಲ್ಕು ಇಂಚು ಅಲ್ಲವೇ ಅಲ್ಲ. ಅದರ ತುದಿಗೆ ಐದೂವರೆ ಅಡಿ ನಾಣಯ್ಯ ಸೇರಿದ್ದ. ನಾನು ಟ್ಯೂನ್ ಮಾಡಿದ್ದು ವಿಮಾನವನ್ನಲ್ಲ, ವಿಮಾನ ಮತ್ತು ನಾಣಯ್ಯನನ್ನು. ಅವನು ಕೈ ಬಿಟ್ಟ ಕೂಡಲೇ ಲೆಕ್ಕ ತಪ್ಪುತ್ತಿತ್ತು. ಗೇಣುದ್ದದ ಕಡ್ಡಿಯಿಂದ ನನ್ನ ಕೈಯನ್ನು ದೂರವಿಟ್ಟುಕೊಂಡೆನಲ್ಲ, ಕಣ್ಣೆದುರಿಗಿದ್ದ ಅವನ ಕೈಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ! ಯಾಕೆ ಹಿಡಿದಿದ್ದ ಅವನು ತಂತಿಯನ್ನು? ಕೇಳಿಕೊಳ್ಳುವ ಮೊದಲೇ ಗೊತ್ತಾಯಿತು. ಕೆಸರಿಗೆ ತಾಗಿದರೆ ಚರ್ಮ ಸುಲಿಯುತ್ತೇನೆ ಅಂದವನು ನಾನೇ.

ಟ್ಯೂನ್ ಸರಿ ಮಾಡಿದೆ, ಇಂಜಿನ್ನು ಹಚ್ಚಿದೆ, ಒಬ್ಬನೇ ಓಡಿ ತೂರಿದೆ, ಓಡಿ ಬಂದು ಗುಂಡಿ ಹಿಡಿದೆ. ವಿಮಾನ ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ನಾಣಯ್ಯನ ಮನೆಯ ಮೇಲೆ ಸುತ್ತು ಹಾಕಿ ನನ್ನ ಕಡೆಗೆ ಬಂತು. ನಾನು ಗದ್ದೆಯ ನಡುವೆ ನಿಂತು ಹುಚ್ಚನ ಹಾಗೆ ಕೂಗುತ್ತಿದ್ದೆ. ಅದು ನೆಲಕ್ಕಿಳಿದದ್ದೇ ಎತ್ತಿಕೊಂಡು ಅವರ ಮನೆಗೆ ಓಡಿದೆ. ಎಲ್ಲ ಸರಿಹೋಯಿತು ಅಂದುಕೊಂಡೆ, ಮೂರ್ಖ.

ನಾಣಯ್ಯ ಅಂಗಳದಲ್ಲಿ ಕಾಫಿ ಹರವುತ್ತಿದ್ದ. ನಾನು ಅಂಗಳದ ಬೇಲಿಯ ಹೊರಗೆ ನಿಂತೆ. “ಬಾವ! ಸಿಕ್ಕಿತು ಬಾವ! ನಿಮ್ಮ ತಪ್ಪು ಎಂತದೂ ಇಲ್ಲೆ. ನೀವು ತಂತಿ ಹಿಡ್ಕೊಂಡಿದ್ರಲ್ಲ, ಅದಕ್ಕೇ ಕೆಟ್ಟದ್ದು. ನಿಮ್ಮ ಕೈಯಿಂದ್ಲೇ! ನಿಮ್ಗೆ ಗೊತ್ತೇ ಇಲ್ಲದ ಹಾಗೆ!” ನಗುನಗುತ್ತಾ ಹೇಳಿದೆ. ತಂತಿ ಹಿಡಿದು, ಬಿಟ್ಟು, ತೋರಿಸಿಯೂ ತೋರಿಸಿದೆ.

ಅವನೂ ಮೊದಲು ನಗಲು ಹೊರಟ. ಆಮೇಲೆ ನಗು ಅಲ್ಲಿಗೇ ನಿಂತಿತು. ಕೈಯಲ್ಲಿದ್ದ ಹಲಗೆ ಕೆಳಗೆ ಬಿತ್ತು.

“ನನ್ನ ಕೈಯಿಂದ್ಲಾ, ಬಾವ?”

“ಹೌದು, ಆದ್ರೆ ನೀವು ಬೇಕೂಂತ…”

“ತಿಳಿದೋ ತಿಳಿಯದೆಯೋ ನನ್ನ ಕೈಯಿಂದ ಕೆಟ್ಟಿಲ್ಲ ಅಂತ ಅಲ್ವಾ ನಾನು ದೀಪ ಮುಟ್ಟಿದ್ದು?”

ಅವನು ಹರವಿದ ಕಾಫಿಯ ಮೇಲೆಯೇ ಕೂತುಬಿಟ್ಟ. ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದ. “ಸುಳ್ಳು ಆಣೆ ಆಗ್ಹೋಯ್ತಲ್ಲ ಬಾವ. ಇವ್ಳು ಇವತ್ತೋ ನಾಳೆಯೋ ಅನ್ನೋ ಹಾಗೆ ಇದ್ದಾಳೆ. ಆರು ವರ್ಷಕ್ಕೆ ಒಂದು. ನಾನು ಎಂತ ಮಾಡಿಬಿಟ್ಟೆ!”

ಯಮುನ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಸೊಂಟದ ಮೇಲೆ ಕೈಯಿಟ್ಟುಕೊಂಡು ಮೆಟ್ಟಿಲಿಳಿದು ಬಂದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಎಂದು ಆಸೆಯೂ ಪಟ್ಟೆ. ಅವಳು ಮೆಲ್ಲಗೆ ಹೇಳಿದಳು. “ಅಣ್ಣ, ಇಷ್ಟು ದಿನ ನೀನೊಬ್ಬ ಇವರನ್ನ ನಂಬ್ತಿರ್ಲಿಲ್ಲೆ. ಅದನ್ನ ಹೇಗೋ ತಡ್ಕೊಂಡಿದ್ದೆವು. ಇನ್ನು ಇವರೇ ಇವರನ್ನ ನಂಬ್ಲಿಕ್ಕಿಲ್ಲೆ.”

ಆ ಕ್ಷಣವೇ ಅವನನ್ನು ಎಬ್ಬಿಸಿಕೊಂಡು ಭಗವತಿಯ ನಡೆಗೆ ಹೋದೆ. ತಕ್ಕರ ಮುಂದೆ, ದೇವರ ಮುಂದೆ, ನೆಲಕ್ಕೆ ಹಣೆ ಹಚ್ಚಿ ಹೇಳಿದೆ, ತಪ್ಪು ನನ್ನದು, ಮಾತು ಕಟ್ಟಿದವನು ನಾನು, ಕೇಡು ಬರುವುದಿದ್ದರೆ ನನಗೆ ಬರಲಿ ಎಂದು. ತೆಂಗಿನಕಾಯಿ ಒಡೆದರು, ತಪ್ಪು ಕಾಣಿಕೆ ಹಾಕಿಸಿದರು, ಇಬ್ಬರಿಗೂ ಒಂದೇ ತಂಬಿಗೆಯಿಂದ ತೀರ್ಥ ಕೊಟ್ಟು ಆಣೆ ಬಿಡಿಸಿದರು. “ದೇವಿ ಮನಸ್ಸು ನೋಡ್ತಾಳೆ ನಾಣಯ್ಯ, ಬೆರಳು ನೋಡುವವಳಲ್ಲ,” ಎಂದು ತಕ್ಕರು ಅವನ ಭುಜ ತಟ್ಟಿದರು. ಅವನು ತಲೆಯಾಡಿಸಿದ. ದಾರಿಯುದ್ದಕ್ಕೂ ಕೈಗಳನ್ನು ಮುಂಡಿಗೆ ಒರೆಸಿಕೊಳ್ಳುತ್ತಲೇ ಬಂದ.

ಯಮುನ ತವರಿಗೆ ಬರಲಿಲ್ಲ. ನೀರೇನೋ ಸೇರಿತ್ತು, ನಾನೂ ಕೈ ಮುಗಿದು ಕರೆದೆ. ಈಗ ಇವರನ್ನ ಒಬ್ಬರೇ ಬಿಟ್ಟು ಬರೋದಿಲ್ಲ ಅಂದಳು. ಅವ್ವ ಮಡಿಸಿಟ್ಟ ಸೀರೆಗಳನ್ನು, ತುಪ್ಪದ ಭರಣಿಯನ್ನು ತಲೆಯ ಮೇಲೆ ಹೊತ್ತುಕೊಂಡು ಗದ್ದೆ ದಾಟಿ ಅಲ್ಲಿಗೇ ಹೋದಳು. ಎಂಟು ದಿನಕ್ಕೆ ಗಂಡು ಮಗುವಾಯಿತು. ಗಟ್ಟಿ ಮಗು. ಊರಿಗೇ ಕೇಳುವ ಹಾಗೆ ಅಳು. ನಾನು ಅಂಗಳದಲ್ಲಿ ನಿಂತು ಆ ಅಳು ಕೇಳಿ ಅತ್ತೆ, ನಾಚಿಕೆ ಇಲ್ಲದೆ ಹೇಳುತ್ತೇನೆ.

ತೊಟ್ಟಿಲಿಗೆ ಹಾಕುವ ದಿನ ನನ್ನನ್ನೂ ಕರೆದರು. ಸೋದರಮಾವನಲ್ಲವೇ, ಕರೆಯದೆ ಇರುತ್ತಾರೆಯೇ? ನೆಂಟರಿಷ್ಟರು ಜಗಲಿ ತುಂಬ ಇದ್ದರು. ನೀರು ಕೊಟ್ಟರು, ಕುಡಿದೆ. ಅವ್ವ ಮಗುವನ್ನು ಎಣ್ಣೆ ನೀರು ಹಾಕಿ ಸುತ್ತಿ ತಂದಳು. ಯಮುನ ಅದನ್ನು ಎತ್ತಿ ಗಂಡನ ಕಡೆ ಚಾಚಿದಳು. ತಂದೆ ಎತ್ತಿ ತೊಟ್ಟಿಲಿಗೆ ಇಳಿಸಬೇಕು.

ನಾಣಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡ. “ಅತ್ತೆ ಎತ್ಲಿ. ನನ್ನ ಕೈ ಬೇಡ,” ಅಂದ.

“ಎಂಥ ಗಂಡಸು ಇವ್ನು! ಸ್ವಂತ ಮಗನ್ನ ಎತ್ತಲಿಕ್ಕೆ ಹೆದರ್ತಾನೆ!” ಎಂದು ಹೆಂಗಸರು ನಕ್ಕರು. ಗಂಡಸರೂ ನಕ್ಕರು. ಯಮುನ ನಗಲಿಲ್ಲ. ಚಾಚಿದ ಕೈಯಲ್ಲಿ ಮಗುವನ್ನು ಹಿಡಿದುಕೊಂಡು ನನ್ನ ಕಡೆ ತಿರುಗಿ ನೋಡಿದಳು.

ಮಗುವಿಗೆ ಈಗ ಏಳು ತಿಂಗಳು. ತೆವಳುತ್ತದೆ, ಅಪ್ಪನ ಮುಂಡು ಹಿಡಿದು ಎದ್ದು ನಿಲ್ಲಲು ನೋಡುತ್ತದೆ. ನಾಣಯ್ಯ ಅದರ ಜೊತೆ ನಗುತ್ತಾನೆ, ಮಾತಾಡುತ್ತಾನೆ, ಹತ್ತಿರ ಕೂತು ನೊಣ ಓಡಿಸುತ್ತಾನೆ. ಇವತ್ತಿನ ತನಕ ಎತ್ತಿಕೊಂಡಿಲ್ಲ.